ಟೆಂಟ್ ಹಾಕುವ ಮುನ್ನ ನೀರು ನೋಡಿ, ನೆಲ ನೋಡಿ

ಎರಡು ದಿನ ರಜೆ ಸಿಕ್ಕಿದರೆ ಮನೆಮಂದಿಯೆಲ್ಲ ಮಲೆನಾಡಿಗೋ ಕಡಲ ತೀರಕ್ಕೋ ಹೋಗಿ ಒಂದು ರಾತ್ರಿ ಟೆಂಟ್‌ನಲ್ಲಿ ಕಳೆದು ಬರುವ ರೂಢಿ ಈಗ ನಮ್ಮ ಕುಟುಂಬಗಳಲ್ಲೂ ಬೆಳೆದಿದೆ. ಒಳ್ಳೆಯದೇ. ಆದರೆ ಹೆಚ್ಚಿನವರು ಜಾಗ ಆರಿಸುವುದು ಫೋಟೋ ನೋಡಿ. ಮನೆಗೆ ಮರಳಿದ ಮೇಲೆ ಮಕ್ಕಳಿಗೆ ಭೇದಿ, ಹೆಂಗಸರಿಗೆ ಉರಿಮೂತ್ರ ಶುರುವಾದಾಗ ಆ ಜಾಗದ ನೀರು, ಶೌಚಾಲಯ ಹೇಗಿತ್ತೆಂದು ನೆನಪಾಗುತ್ತದೆ.

ಹೆಂಗಸರ ವಿಷಯವನ್ನೇ ಮೊದಲು ಹೇಳಬೇಕು. ಮರೆಯಿರುವ ಶೌಚಾಲಯ ಇಲ್ಲದ ಕಡೆಗೆ ಹೊರಟರೆ ತಾಯಂದಿರು, ಹರೆಯದ ಹುಡುಗಿಯರು ಬೆಳಗ್ಗಿನಿಂದಲೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ಮೂತ್ರವನ್ನು ಗಂಟೆಗಟ್ಟಲೆ ತಡೆದಿಟ್ಟುಕೊಳ್ಳುತ್ತಾರೆ, ಯಾರೊಡನೆಯೂ ಹೇಳುವುದಿಲ್ಲ. ಮೂತ್ರನಾಳದ ಸೋಂಕಿಗೆ ಇದು ಸುಲಭದ ದಾರಿ. ಗರ್ಭಿಣಿಯರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಅದು ಮೂತ್ರಪಿಂಡದವರೆಗೂ ಏರಬಹುದು. ಆದ್ದರಿಂದ ಜಾಗ ಗೊತ್ತುಮಾಡುವ ಗಂಡಸರು ಫೋನಿನಲ್ಲಿ ಬಾಡಿಗೆ ಕೇಳುವ ಮೊದಲು ಶೌಚಾಲಯದ ಬಗ್ಗೆ ಕೇಳಲಿ: ಚಿಲಕ ಇದೆಯೇ, ನೀರಿದೆಯೇ, ರಾತ್ರಿ ಬೆಳಕಿದೆಯೇ, ಟೆಂಟ್‌ನಿಂದ ಎಷ್ಟು ಹೆಜ್ಜೆ? ಮುಟ್ಟಿನ ಪ್ಯಾಡ್ ಹಾಕಲು ಬುಟ್ಟಿ ಇಲ್ಲದಿದ್ದರೆ ಕಾಗದದಲ್ಲಿ ಸುತ್ತಿ ಮರಳಿ ತರಲು ಒಂದು ಚೀಲ ಇರಲಿ. ಅರಣ್ಯದೊಳಗೆ ಇಲಾಖೆಯ ಅನುಮತಿಯಿಲ್ಲದೆ ಟೆಂಟ್ ಹಾಕುವಂತೆಯೂ ಇಲ್ಲ. ಪುಟ್ಟ ಮಕ್ಕಳಿರುವವರಿಗೆ ತೋಟದ ಮನೆಯ ಅಂಗಳ, ಹೋಂಸ್ಟೇಯ ಹಿತ್ತಿಲು ಧಾರಾಳ ಸಾಕು.

ಇನ್ನು ನೀರಿನ ಲೆಕ್ಕ. ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ನಲ್ಲಿದೆ. ಇಂದಿನ ಅಳತೆಯಲ್ಲಿ ಅದು ಹೆಚ್ಚುಕಡಿಮೆ ಮುಕ್ಕಾಲು ಲೀಟರ್. ನಳ್ಳಿ ತೆರೆದಿಟ್ಟು ಅಭ್ಯಾಸವಾದ ನಮ್ಮ ಕೈ ಅಷ್ಟು ಬಿಗಿಯಲ್ಲ. ಒಂದು ಲೀಟರ್ ಎಂದೇ ಇಟ್ಟುಕೊಳ್ಳಿ. ಐದು ಮಂದಿ ಅಸ್ರ್‌ಗೆ ತಲುಪಿ ಫಜ್ರ್ ಮುಗಿಸಿ ಹೊರಟರೆ ವುಝೂವಿಗೇ 20 ಲೀಟರ್. ಕುಡಿಯಲು, ಅಡುಗೆಗೆ, ಪಾತ್ರೆ ತೊಳೆಯಲು, ಶೌಚಕ್ಕೆ ಅದರ ಎರಡು ಪಟ್ಟಾದರೂ ಬೇಕು. ಅಂದರೆ ಕಾರಿನಲ್ಲಿ ಒಯ್ಯುವ ಒಂದು ಕ್ಯಾನ್ ಸಾಲದು, ಸ್ಥಳದಲ್ಲಿ ಬಾವಿಯೋ ಬೋರ್‌ವೆಲ್ಲೋ ಇರಲೇಬೇಕು. ತೊರೆಯ ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಮೇಲ್ಗಡೆ ದನ ಮಿಂದಿರಬಹುದು. ಕುಡಿಯುವ ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಒಲೆಯ ಮೇಲೇ ಇರಲಿ.

ಹೊಳೆ ಚೆಂದವೆಂದು ದಡದಲ್ಲೇ ಟೆಂಟ್ ಹಾಕಬೇಡಿ. ಘಟ್ಟದ ಮೇಲೆ ಮಳೆ ಸುರಿದರೆ, ಅಣೆಕಟ್ಟಿನಿಂದ ನೀರು ಬಿಟ್ಟರೆ ಕೆಳಗೆ ಆಕಾಶ ಶುಭ್ರವಾಗಿರುವಾಗಲೇ ಹೊಳೆ ಏರುತ್ತದೆ. ನೀರಿನಿಂದ ಕನಿಷ್ಠ 60 ಮೀಟರ್ ದೂರದಲ್ಲಿ, ತುಸು ಎತ್ತರದ ನೆಲ ಹುಡುಕಿ. ಬಯಲಲ್ಲೇ ಶೌಚಕ್ಕೆ ಹೋಗಬೇಕಾಗಿ ಬಂದರೂ ಅಷ್ಟೇ ದೂರ ಬೇಕು, ಒಂದು ಗೇಣು ಆಳದ ಗುಂಡಿ ತೋಡಿ ಮಣ್ಣು ಮುಚ್ಚಬೇಕು. ನೀರಿನ ತಾಣ, ಜನ ನಡೆಯುವ ದಾರಿ, ನೆರಳು - ಈ ಮೂರು ಕಡೆ ಮಲವಿಸರ್ಜನೆ ಶಾಪಕ್ಕೆ ಕಾರಣವೆಂದು ಪ್ರವಾದಿ(ಸ) ಎಚ್ಚರಿಸಿದ್ದನ್ನು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಬಯಲಲ್ಲಿ ಕಿಬ್ಲಾದತ್ತ ಮುಖ, ಬೆನ್ನು ಮಾಡದಿರಲು ದಿಕ್ಕು ತಿಳಿದಿರಲಿ. ನಮ್ಮ ರಾಜ್ಯದಿಂದ ಅದು ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿ.

ರಾತ್ರಿ ತಂಗುವಾಗ ದಾರಿಯಿಂದ ಸರಿದು ತಂಗಬೇಕು, ರಾತ್ರಿ ಅದು ಹುಳಹುಪ್ಪಟೆಗಳ ಹಾದಿ ಎಂಬ ಬೋಧನೆಯೂ ಹದೀಸ್‌ನಲ್ಲಿದೆ. ಕಾಲುದಾರಿಯ ಮೇಲೆ, ಹುತ್ತ, ಕಲ್ಲುರಾಶಿ, ಕಟ್ಟಿಗೆ ರಾಶಿಯ ಪಕ್ಕ ಟೆಂಟ್ ಬೇಡ. ತೆಂಗಿನ ಮರದ ಬುಡವೂ ಬೇಡ. ಚಳಿಯೆಂದು ಕೆಂಡವನ್ನು ಟೆಂಟ್‌ನೊಳಗೆ ತಂದಿಟ್ಟರೆ ವಾಸನೆಯಿಲ್ಲದ ವಿಷಾನಿಲ ನಿದ್ದೆಯಲ್ಲೇ ಜೀವ ತೆಗೆಯಬಹುದು. ಮಲಗುವ ಮುನ್ನ ಬೆಂಕಿ ನಂದಿಸುವುದು ನಮಗೆ ಸುನ್ನತ್ ಕೂಡ.

ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿಗೆ ಹೋಗುವವರು ಮಂಗನ ಕಾಯಿಲೆಯನ್ನು ಮರೆಯಬಾರದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಜ್ವರವನ್ನು ಹರಡುವುದು ಉಣುಗು. ತರಗೆಲೆ ಹಾಸಿದ ನೆಲ ಮೆತ್ತಗಿದೆಯೆಂದು ಅಲ್ಲೇ ಚಾಪೆ, ಮುಸಲ್ಲಾ ಹಾಸಬೇಡಿ. ಗುಡಿಸಿದ ಬೋಳು ನೆಲವೇ ಸುರಕ್ಷಿತ. ಹತ್ತಿರದಲ್ಲಿ ಮಂಗ ಸತ್ತ ಸುದ್ದಿಯಿದ್ದರೆ ಆ ಊರನ್ನೇ ಬಿಡಿ. ಮರಳಿದ ಕೂಡಲೇ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ. ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ, ಸೊಂಟದ ಪಟ್ಟಿಯ ಜಾಗದಲ್ಲಿ ಉಣುಗು ಕಚ್ಚಿಕೊಂಡಿದೆಯೇ ನೋಡಿ. ಒಂದೆರಡು ವಾರದೊಳಗೆ ಯಾರಿಗಾದರೂ ತಲೆನೋವು, ಮೈಕೈ ನೋವಿನ ಜೊತೆ ಜೋರು ಜ್ವರ ಬಂದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಕಾಯಬೇಡಿ. ವೈದ್ಯರ ಬಳಿ ಹೋಗಿ, ಕಾಡಿನ ಬದಿಯಲ್ಲಿ ಮಲಗಿದ್ದೆವೆಂದು ಅವರು ಕೇಳುವ ಮೊದಲೇ ಹೇಳಿ.