ಇಂಡೋನೇಷ್ಯದ ಪ್ರಥಮ ಶಿಕ್ಷಣ ಸಚಿವರು: ಕಿ ಹಜರ್ ದೇವಂತರ

1945ರಲ್ಲಿ ಇಂಡೋನೇಷ್ಯವು ಸ್ವಾತಂತ್ರ್ಯವನ್ನು ಘೋಷಿಸಿಕೊಂಡಾಗ ಅದರ ಪ್ರಥಮ ಮಂತ್ರಿಮಂಡಲದಲ್ಲಿ ಶಿಕ್ಷಣಖಾತೆಯನ್ನು ವಹಿಸಿಕೊಂಡವರು ಕಿ ಹಜರ್ ದೇವಂತರರು. ಅಧಿಕಾರ ಮೂರು ತಿಂಗಳೂ ತುಂಬಲಿಲ್ಲ. ನವೆಂಬರಿನಲ್ಲಿ ಮಂತ್ರಿಮಂಡಲವೇ ಬದಲಾಯಿತು. ಆದರೂ ಅವರ ಜನ್ಮದಿನವಾದ ಮೇ 2ನ್ನು ಆ ದೇಶವು ರಾಷ್ಟ್ರೀಯ ಶಿಕ್ಷಣ ದಿನವೆಂದು ಆಚರಿಸುತ್ತದೆ. ಈ ಗೌರವದ ಮೂಲವನ್ನು ಮಂತ್ರಿಪದವಿಯಲ್ಲಿ ಅರಸಿದರೆ ದೊರೆಯದು. ಅದಿರುವುದು ಅವರು ಕಟ್ಟಿದ ಶಾಲೆಯಲ್ಲಿ.

ಜಾವಾ ದ್ವೀಪದ ಯೋಗ್ಯಕರ್ತದಲ್ಲಿ, ಪಕು ಆಲಂ ರಾಜಮನೆತನದಲ್ಲಿ, 1889ರಲ್ಲಿ ಜನಿಸಿದ ಇವರ ಮೊದಲ ಹೆಸರು ಸುವರ್ದಿ ಸುರ್ಯನಿಂಗ್ರಾತ್. ವೈದ್ಯವಿದ್ಯೆಯನ್ನು ಅರ್ಧಕ್ಕೆ ಬಿಟ್ಟು ಪತ್ರಿಕಾವ್ಯವಸಾಯಕ್ಕೆ ಇಳಿದರು. 1913ರಲ್ಲಿ ಡಚ್ಚರು, ತಮ್ಮ ನಾಡು ನೆಪೋಲಿಯನ್ನನಿಂದ ಬಿಡುಗಡೆ ಹೊಂದಿದುದರ ಶತಮಾನೋತ್ಸವವನ್ನು ಜಾವಾದಲ್ಲಿಯೂ ನಡೆಸಲು ಹೊರಟು, ತಾವು ಆಳುತ್ತಿದ್ದ ಜನರಿಂದಲೇ ಅದಕ್ಕೆ ವಂತಿಗೆ ಎತ್ತತೊಡಗಿದರು! ಪರರ ಸ್ವಾತಂತ್ರ್ಯವನ್ನು ಕಸಿದವರು ಅವರೆದುರಿಗೇ ತಮ್ಮ ಸ್ವಾತಂತ್ರ್ಯವನ್ನು ಕೊಂಡಾಡಿಕೊಳ್ಳುವ ಈ ವಿಪರೀತವನ್ನು ಸುವರ್ದಿಯವರು ‘ನಾನು ಡಚ್ಚನಾಗಿದ್ದರೆ’ ಎಂಬ ಲೇಖನದಲ್ಲಿ ಹಳಿದರು. ಫಲವಾಗಿ ಗಡೀಪಾರು. ಹಾಲೆಂಡಿನಲ್ಲಿ ಕಳೆದ ಆರು ವರ್ಷಗಳಲ್ಲಿ ಫ್ರೋಬೆಲ್, ಮಾಂಟೆಸರಿ ಮೊದಲಾದವರ ಶಿಕ್ಷಣತತ್ತ್ವಗಳನ್ನು ಅಭ್ಯಸಿಸಿ, ಶಿಕ್ಷಕ ಅರ್ಹತಾಪತ್ರವನ್ನೂ ಪಡೆದು 1919ರಲ್ಲಿ ಮರಳಿದರು.

1922ರ ಜುಲೈ 3ರಂದು ಯೋಗ್ಯಕರ್ತದಲ್ಲಿ ‘ತಾಮನ್ ಸಿಸ್ವ’ ಸ್ಥಾಪಿತವಾಯಿತು. ‘ತಾಮನ್’ ಎಂದರೆ ಉದ್ಯಾನ. ‘ಸಿಸ್ವ’ ನಮ್ಮ ‘ಶಿಷ್ಯ’ ಶಬ್ದವೇ. ಸಂಸ್ಕೃತವು ಸಮುದ್ರವನ್ನು ದಾಟಿ ಜಾವಾದ ನಾಲಗೆಗೆ ಒಗ್ಗಿದ ಬಗೆ ಇದು. 1928ರಲ್ಲಿ, ಜಾವಾದ ಕಾಲಗಣನೆಯಂತೆ ನಲವತ್ತು ತುಂಬಿದಾಗ, ರಾಜವಂಶದ ಬಿರುದು ಹೆಸರುಗಳನ್ನು ತೊರೆದು ಕಿ ಹಜರ್ ದೇವಂತರರೆನಿಸಿದರು. ‘ಹಜರ್’ ಎಂದರೆ ಗುರು.

ಶಾಲೆಯು ಸರ್ಕಾರದ ಅನುದಾನವನ್ನು ಮುಟ್ಟಲಿಲ್ಲ. ಹಣದ ಹಿಂದೆಯೇ ಹಿಡಿತವೂ ಬರುವುದೆಂಬುದನ್ನು ದೇವಂತರರು ಬಲ್ಲರು. ಬಡತನದಲ್ಲಿಯೇ ಶಾಖೆಗಳು ಹೆಚ್ಚಿದವು. 1932ರಲ್ಲಿ ವಸಾಹತು ಸರ್ಕಾರವು, ಅನುದಾನವಿಲ್ಲದ ಶಾಲೆಗಳೂ ಅವುಗಳ ಉಪಾಧ್ಯಾಯರೂ ಮುಂಚಿತವಾಗಿ ಅಪ್ಪಣೆ ಪಡೆಯತಕ್ಕದ್ದೆಂದು ಶಾಸನ ಹೊರಡಿಸಿತು. ಕಾಸು ಕೊಡದವರಿಗೆ ಕಟ್ಟಳೆ ವಿಧಿಸುವ ಹಕ್ಕೆಲ್ಲಿಯದು? ದೇವಂತರರು ಗವರ್ನರ್ ಜನರಲ್‌ಗೆ ತಂತಿ ಕಳುಹಿಸಿ, ಅಹಿಂಸಾತ್ಮಕ ಪ್ರತಿರೋಧ ಅನಿವಾರ್ಯವೆಂದು ತಿಳಿಸಿದರು. ತಮ್ಮಲ್ಲಿ ಭಿನ್ನಮತವಿದ್ದ ರಾಷ್ಟ್ರೀಯ ಸಂಘಗಳೂ ಧಾರ್ಮಿಕ ಸಂಘಗಳೂ ಒಂದಾಗಿ ಅವರ ಬೆನ್ನಿಗೆ ನಿಂತವು. 1933ರ ಫೆಬ್ರವರಿಯಲ್ಲಿ ಸರ್ಕಾರವು ಆ ಶಾಸನವನ್ನು ತಡೆಹಿಡಿಯಬೇಕಾಯಿತು.

ಗುರುವು ಮುಂದಿರುವಾಗ ಆದರ್ಶವಾಗಿಯೂ, ನಡುವಿರುವಾಗ ಉತ್ಸಾಹ ತುಂಬುವವನಾಗಿಯೂ, ಹಿಂದಿರುವಾಗ ಬಲವಾಗಿಯೂ ಇರಬೇಕೆಂಬುದು ಅವರ ಬೋಧನಸೂತ್ರ. ಅದರ ಕೊನೆಯ ಪಾದವಾದ ‘ತುತ್ ವುರಿ ಹಂದಯನಿ’ ಎಂಬುದನ್ನು ಇಂಡೋನೇಷ್ಯದ ಶಿಕ್ಷಣ ಸಚಿವಾಲಯವು ತನ್ನ ಲಾಂಛನದಲ್ಲಿ ಧರಿಸಿತು. 1959ರ ಏಪ್ರಿಲ್ 26ರಂದು ದೇವಂತರರು ದಿವಂಗತರಾದರು. ಅವರ ಸಮಾಧಿಯಿರುವುದು ಯೋಗ್ಯಕರ್ತದಲ್ಲಿ, ತಾಮನ್ ಸಿಸ್ವದವರ ರುದ್ರಭೂಮಿಯಲ್ಲಿ.