ಪುರದ ಸಗಣಿ, ಗುಬ್ಬಿಯ ಚಿಪ್ಪು

ತುಮಕೂರಿನಿಂದ ಗುಬ್ಬಿ ಬಸ್ಸು ಹತ್ತಿದವರು ಕಿಟಕಿಯಾಚೆ ತೆಂಗು, ಅಡಿಕೆ ತೋಟಗಳನ್ನು ಕಂಡೇ ಇರುತ್ತಾರೆ. ಕಾಯಿ ಸುಲಿದರೆ ಮಟ್ಟೆ, ಕೊಬ್ಬರಿ ಒಡೆದರೆ ಚಿಪ್ಪು. ಇತ್ತ ತುಮಕೂರಿನ ಹೋಟೆಲುಗಳ ಹಿಂಬಾಗಿಲಲ್ಲಿ ಎಂಜಲೆಲೆ, ತರಕಾರಿ ಸಿಪ್ಪೆ. ಇದರಿಂದೆಲ್ಲ ಗ್ಯಾಸ್ ಮಾಡಬಹುದಂತೆ ಅಂತ ಆಗಾಗ ಮಾತು ಏಳುತ್ತದೆ. ಮಾಡಬಹುದು. ಆದರೆ ಎಲ್ಲವನ್ನೂ ಒಂದೇ ತೊಟ್ಟಿಗೆ ಸುರಿದರೆ ಗ್ಯಾಸೂ ಇಲ್ಲ, ಕಾಸೂ ಇಲ್ಲ.

ಸಗಣಿ, ಅನ್ನ, ತರಕಾರಿ ಇವೆಲ್ಲ ನೀರಿನಂಶದ ಮಾಲು. ಗಾಳಿಯಾಡದ ತೊಟ್ಟಿಯಲ್ಲಿ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಅದೇ ಗೋಬರ್ ಗ್ಯಾಸ್. ಚಿಪ್ಪು, ಸೌದೆ ಅಲ್ಲಿ ಜಪ್ಪಯ್ಯ ಅಂದರೂ ಕರಗವು. ಅವಕ್ಕೆ ಗ್ಯಾಸಿಫೈಯರ್ ಬೇಕು. ಮುಚ್ಚಿದ ಒಲೆಯಲ್ಲಿ ಕಡಿಮೆ ಗಾಳಿ ಕೊಟ್ಟು ಅರೆಬರೆ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್, ಜಲಜನಕ ಬರುತ್ತವೆ. ಡಾಂಬರು ಸೋಸಿ ಎಂಜಿನ್ನಿಗೆ ಬಿಡಬೇಕು. ಸೌದೆ ಒದ್ದೆಯಾಗಿದ್ದರೆ ಕೆಲಸ ಕೆಟ್ಟಿತು.

ಎರಡು ದಾರಿಯನ್ನೂ ಕುಣಿಗಲ್ ತಾಲ್ಲೂಕು ಕಂಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ 'ಅಸ್ತ್ರ' ಕೇಂದ್ರದವರು ಪುರ ಗ್ರಾಮದಲ್ಲಿ ಊರಿಗೆಲ್ಲ ಸೇರಿ ಗೋಬರ್ ಗ್ಯಾಸ್ ಸ್ಥಾವರ ಹಾಕಿದರು. ಮೊದಲ ಲೆಕ್ಕ ಅಡಿಗೆಗೆ. ಊರ ದನಗಳ ಸಗಣಿ ಎಲ್ಲ ಒಲೆಗೂ ಸಾಲಲಿಲ್ಲ. ಸೌದೆಯಂತೂ ಹೆಂಗಸರು ಕಾಸಿಲ್ಲದೆ ಆಯ್ದು ತರುತ್ತಿದ್ದರು. ಬೆನ್ನು ನೋವಿಗೆ ಬೆಲೆ ಕಟ್ಟುವವರು ಯಾರು? 1987ರಲ್ಲಿ ಗ್ಯಾಸನ್ನು ಎಂಜಿನ್ನಿಗೆ ತಿರುಗಿಸಿದರು. ಮನೆಗೆ ದೀಪ ಬಂತು, ನಲ್ಲಿಗೆ ಬೋರ್‌ವೆಲ್ ನೀರು ಬಂತು. ಸಗಣಿ ತಂದವರಿಗೆ ಕಿಲೋಗೆ 2 ಪೈಸೆ. ಗ್ಯಾಸು ಬಿಟ್ಟ ಬಗ್ಗಡ ಗೊಬ್ಬರವಾಗಿ ವಾಪಸ್. ಸಗಣಿ ಅದೇ, ದನ ಅವೇ. ಈ ಸಲ ಜನ ಕೈಹಿಡಿದರು.

ಮರುವರ್ಷ, 1988ರಲ್ಲಿ, ಅದೇ ತಾಲ್ಲೂಕಿನ ಕರೆಂಟಿಲ್ಲದ ಹೊಸಹಳ್ಳಿಗೆ ಸೌದೆಯ ಗ್ಯಾಸಿಫೈಯರ್ ಬಂತು. ಸೌದೆಗೆಂದೇ 2 ಹೆಕ್ಟೇರ್ ತೋಪು ಬೆಳೆಸಿದರು. ಮೊದಲು ದೀಪ, ಆಮೇಲೆ ನೀರು, ಹಿಟ್ಟಿನ ಗಿರಣಿ.

ಇನ್ನು ಗುಬ್ಬಿ ಚಿಪ್ಪಿನ ವಿಚಾರ. ಚಿಪ್ಪೇನು ಬಿಟ್ಟಿ ಮಾಲಲ್ಲ, ಇದ್ದಿಲು ಸುಡುವವರು ಕಾಸು ಕೊಟ್ಟು ಒಯ್ಯುತ್ತಾರೆ. ಗ್ಯಾಸಿಫೈಯರ್ ಇಡುವವನು ಅದೇ ಬೆಲೆಗೆ ಕೊಂಡು ಡೀಸೆಲ್ ಉಳಿತಾಯದಲ್ಲಿ ಗಿಟ್ಟಿಸಬೇಕು. ಅಡಿಕೆ ಸಿಪ್ಪೆಯೋ ಹಗುರ. ದೂರ ಸಾಗಿಸಿದರೆ ಲಾರಿ ಬಾಡಿಗೆಯೇ ನುಂಗಿಬಿಡುತ್ತದೆ. ತೋಟದ ಪಕ್ಕದಲ್ಲೇ ಉರಿಸಿದರೆ ಮಾತ್ರ ಲೆಕ್ಕ ಕೂಡೀತು.

ತುಮಕೂರಿನ ಹೋಟೆಲಿನವರಿಗೆ ಪುರದ ತೊಟ್ಟಿ ಸಾಕು, ಎಂಜಿನ್ ಬೇಡ. ಇಲ್ಲಿ ಮುಸುರೆಯೂ ಒಂದೇ ಕಡೆ, ಒಲೆಯೂ ಒಂದೇ ಕಡೆ. ಹುಟ್ಟಿದ ಗ್ಯಾಸು ನೇರ ಸಾಂಬಾರಿನ ಪಾತ್ರೆ ಕೆಳಗೆ ಹೋದರಾಯಿತು. ಎಂಜಲೆಲೆ ಜತೆ ಪ್ಲಾಸ್ಟಿಕ್ ಲೋಟ ಬೀಳದಂತೆ ನೋಡಿಕೊಳ್ಳುವ ಹುಡುಗನೊಬ್ಬ ಮೊದಲು ಸಿಗಬೇಕು, ಅಷ್ಟೆ.