ನಿಮಗಿದು ಗೊತ್ತೇ? ಟ್ಯಾರೋ: ಕಟ್ಟು ಬದಲಾದರೆ ಕತೆಯೂ ಬದಲು

ಟ್ಯಾರೋ ಎಂದರೆ ಭವಿಷ್ಯ ಹೇಳುವ ಎಲೆಗಳು ಎಂಬ ಮಾತು ಎಲ್ಲೆಡೆ ಹಬ್ಬಿದೆ. ಹುಟ್ಟಿದ್ದು ಮಾತ್ರ ಆಟಕ್ಕೆ. 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಮಿಲಾನ್, ಫೆರಾರಾ, ಫ್ಲಾರೆನ್ಸ್‌ಗಳ ಸಿರಿವಂತರ ಮನೆಗಳಲ್ಲಿ. 1440ರ ಹೊತ್ತಿಗಾಗಲೇ ಇದರ ಲಿಖಿತ ದಾಖಲೆ ಸಿಗುತ್ತದೆ. ಮಾಮೂಲಿ ನಾಲ್ಕು ಬಣ್ಣಗಳ 56 ಎಲೆ, ಅದರ ಮೇಲೆ 22 ಚಿತ್ರದ ಎಲೆ, ಒಟ್ಟು 78. ಆ 22ರಲ್ಲಿ ‘ಮೂರ್ಖ’ನೊಬ್ಬನನ್ನು ಬಿಟ್ಟರೆ ಮಿಕ್ಕವೆಲ್ಲ ಕಾಯಂ ತುರುಪು. ಫ್ರಾನ್ಸ್, ಆಸ್ಟ್ರಿಯಾಗಳಲ್ಲಿ ಇವತ್ತಿಗೂ ಜನ ಟ್ಯಾರೋ ಎಲೆ ಹಂಚಿಕೊಂಡು ಪಾಯಿಂಟು ಎಣಿಸುತ್ತಾರೆ, ಹಣೆಬರಹ ಕೇಳುವುದಿಲ್ಲ.

ಬಟ್ಟಲು, ನಾಣ್ಯ, ಖಡ್ಗ, ದಂಡ. ಈ ನಾಲ್ಕು ಬಣ್ಣಗಳು ಯುರೋಪಿನವಲ್ಲ. ಈಜಿಪ್ಟಿನ ಮಾಮ್ಲೂಕ್ ಸುಲ್ತಾನರ ಕಾಲದ ಇಸ್ಪೀಟಿನಿಂದ ಬಂದವು. ಅಂಥದೊಂದು ಕಟ್ಟು ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ದಂಡದ ಜಾಗದಲ್ಲಿರುವುದು ಪೋಲೋ ಕೋಲು. ಪೋಲೋ ಕಂಡರಿಯದ ಯುರೋಪಿನವರು ಅದನ್ನು ಬೆತ್ತವೋ ದೊಣ್ಣೆಯೋ ಮಾಡಿಕೊಂಡರು. ಮುಂದೆ ಅದೇ ದೊಣ್ಣೆ ಇಂಗ್ಲೆಂಡಿನ ಕಟ್ಟುಗಳಲ್ಲಿ ಚಿಗುರೊಡೆದ ಕೊಂಬೆಯಾಯಿತು, ಹುಮ್ಮಸ್ಸು ಮತ್ತು ಸೃಷ್ಟಿಶಕ್ತಿಯ ಸಂಕೇತವಾಯಿತು. ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ ಚಿತ್ರ ಹೀಗೆ ಅರ್ಥ ಬದಲಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಕಾಯಂ ತುರುಪಿನ ಉಪಾಯ ನಮ್ಮ ಮೈಸೂರಿನಲ್ಲೂ ಇತ್ತು! ಮುಮ್ಮಡಿ ಕೃಷ್ಣರಾಜ ಒಡೆಯರು ರೂಪಿಸಿದ ‘ಛದ್’ ಎಂಬ ಗಂಜೀಫಾ ಆಟಗಳ ವಿವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿದೆ. ಕೆಲವು ಆಟಗಳಲ್ಲಿ 18 ಬಣ್ಣಗಳವರೆಗೂ ಹೋಗುತ್ತದೆ. ಕಾಯಂ ತುರುಪಿನ ಎಲೆಗಳೂ ಇವೆ. ಅಂಗೈಯಗಲದ ಎಲೆಯಲ್ಲಿ ದೇವದೇವತೆಗಳನ್ನು ಕೂರಿಸಿ, ಆಟವನ್ನೂ ದರ್ಶನವನ್ನೂ ಒಟ್ಟಿಗೆ ಮಾಡಿದ ಅರಸರು ಅವರು.

ಟ್ಯಾರೋ ಪ್ರಾಚೀನ ಈಜಿಪ್ಟಿನ ಗುಪ್ತಜ್ಞಾನ ಎಂಬ ಕತೆಗೆ ಹುಟ್ಟಿದ ವರ್ಷವೇ ಇದೆ: 1781. ಆ ವರ್ಷ ಪ್ಯಾರಿಸ್ಸಿನಲ್ಲಿ ಅಂತ್ವಾನ್ ಕೂರ್ ದ ಜೆಬ್ಲಾಂ ತನ್ನ ಪುಸ್ತಕದ ಸಂಪುಟವೊಂದರಲ್ಲಿ ಹಾಗೆಂದು ಬರೆದ. ಆಗ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರೇ ಇರಲಿಲ್ಲ. ಶಾಂಪೋಲಿಯಾನ್ ಅದರ ಬೀಗ ತೆಗೆದದ್ದು 1822ರಲ್ಲಿ. ಆ ಹೊತ್ತಿಗೆ ಕತೆ ಬೇರುಬಿಟ್ಟಾಗಿತ್ತು. ‘ಎತ್ತೇಲಾ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪ್ಯಾರಿಸ್ಸಿನ ಇನ್ನೊಬ್ಬ ಭವಿಷ್ಯಕ್ಕೆಂದೇ ಪ್ರತ್ಯೇಕ ಕಟ್ಟನ್ನೂ ಹೊರತಂದಿದ್ದ.

ಈಗ ಒಂದೇ ಕಾರ್ಡನ್ನು ಹಿಡಿದು ಐದು ಶತಮಾನ ದಾಟೋಣ. ಕಾರ್ಡಿನ ಹೆಸರು ‘ಬಲ’. ಮಿಲಾನಿನ ವಿಸ್ಕೊಂತಿ-ಸ್ಫೋರ್ಜಾ ಕಟ್ಟಿನಲ್ಲಿ ಗಂಡಸೊಬ್ಬ ದೊಣ್ಣೆಯೆತ್ತಿ ಸಿಂಹವನ್ನು ಬಡಿಯಲು ನಿಂತಿದ್ದಾನೆ. ಫ್ರಾನ್ಸಿನ ಮಾರ್ಸೇಲ್ ಮಾದರಿಯಲ್ಲಿ ಹೆಂಗಸೊಬ್ಬಳು ಬರಿಗೈಯಲ್ಲಿ ಸಿಂಹದ ಬಾಯಿ ಹಿಡಿದಿದ್ದಾಳೆ. 1909ರ ಲಂಡನ್ ಕಟ್ಟಿನಲ್ಲಿ ಅವಳು ಬಿಳಿಯುಡುಗೆ ತೊಟ್ಟು, ಹೂವಿನ ಸರ ಧರಿಸಿ, ಮೆಲ್ಲನೆ ಬಾಗಿ ಸಿಂಹವನ್ನು ಪಳಗಿಸುತ್ತಾಳೆ. ಇಂಗ್ಲೆಂಡಿನ ಗುಪ್ತವಿದ್ಯಾಸಾಧಕ ಅಲೀಸ್ಟರ್ ಕ್ರೌಲಿಗಾಗಿ ಫ್ರೀಡಾ ಹ್ಯಾರಿಸ್ ಬಿಡಿಸಿದ ‘ಥಾತ್’ ಕಟ್ಟಿನಲ್ಲಿ ಸಿಂಹದ ಮೇಲೇರಿ ಹೊರಟೇಬಿಟ್ಟಿದ್ದಾಳೆ; ಕಾರ್ಡಿನ ಹೆಸರೂ ‘ಕಾಮ’ ಎಂದಾಗಿದೆ. ಹೊಡೆಯುವುದು, ಹಿಡಿಯುವುದು, ಒಲಿಸುವುದು, ಸವಾರಿ ಮಾಡುವುದು. ಸಿಟ್ಟೋ ಭಯವೋ ಚಟವೋ ನಮ್ಮೊಳಗೆ ಗರ್ಜಿಸುವಾಗ ನಾವು ಈ ನಾಲ್ಕರಲ್ಲಿ ಯಾವುದನ್ನು ಮಾಡುತ್ತೇವೆ? ಯಾವುದನ್ನು ಮಾಡಬೇಕೆಂದಿದ್ದೇವೆ? ನಾಲ್ಕು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಕಣ್ಣು ತಾನಾಗಿ ಒಂದರ ಮೇಲೆ ನಿಲ್ಲುತ್ತದೆ. ಹಾಗೆ ನಿಂತದ್ದು ಏಕೆಂದು ಕೇಳಿಕೊಳ್ಳುವುದರಲ್ಲೇ ಟ್ಯಾರೋದ ನಿಜವಾದ ಪ್ರಯೋಜನ ಇದೆ ಎಂದು ನಾನು ನಂಬಿದ್ದೇನೆ.

ಅಂದಹಾಗೆ, ಇದೇ ಕಾರ್ಡಿನ ಸಂಖ್ಯೆಯೂ ಬದಲಾಗಿದೆ. ಮಾರ್ಸೇಲ್‌ನಲ್ಲಿ ‘ನ್ಯಾಯ’ 8, ‘ಬಲ’ 11. ಲಂಡನ್ ಕಟ್ಟಿನಲ್ಲಿ ಅದಲುಬದಲು.

ಕಾರ್ಡುಗಳು ನಾಳೆ ಏನಾಗುತ್ತದೆಂದು ಹೇಳುತ್ತವೆಯೇ? ಇಲ್ಲ ಎಂದೇ ನನ್ನ ಉತ್ತರ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ ವಿದ್ಯಾರ್ಥಿಗಳಿಗೆಲ್ಲ ಒಂದೊಂದು ವ್ಯಕ್ತಿತ್ವ ವಿವರಣೆ ಕೊಟ್ಟು, ಅದು ಅವರವರಿಗೆ ಎಷ್ಟು ಹೊಂದುತ್ತದೆಂದು ಅಂಕ ಹಾಕಲು ಹೇಳಿದ. ಸರಾಸರಿ 5ಕ್ಕೆ 4.26 ಬಂತು. ಎಲ್ಲರಿಗೂ ಕೊಟ್ಟದ್ದು ಅಕ್ಷರಶಃ ಒಂದೇ ಬರಹ! ಅದರ ಸಾಲುಗಳನ್ನು ಆತ ಆಯ್ದದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷದ ಪುಸ್ತಕದಿಂದ. ಹಾಗಾಗಿ ಕಾರ್ಡಿನ ಜೊತೆ ಬರುವ ಕಿರುಹೊತ್ತಗೆಯ ಅರ್ಥ ‘ನನಗೇ ಬರೆದಂತಿದೆ’ ಎನ್ನಿಸಿದರೆ ಸ್ವಲ್ಪ ತಡೆಯಿರಿ. ಮೊದಲು ಚಿತ್ರ ನೋಡಿ, ಆಮೇಲೆ ಪುಸ್ತಕ ತೆರೆಯಿರಿ. ಚಿತ್ರದ ಯಾವ ಮೂಲೆಯಲ್ಲಿ ಕಣ್ಣು ಸಿಕ್ಕಿಕೊಂಡಿತು ಎಂಬುದು ನಿಮ್ಮೊಬ್ಬರದೇ ಸ್ವತ್ತು. ಅದನ್ನು ಯಾವ ಕಿರುಹೊತ್ತಗೆಯೂ ಮುಂಚಿತವಾಗಿ ಬರೆದಿಡಲಾರದು.

‘ಏಕಾಂತವಾಸಿ’ ಕಾರ್ಡಿನ ಮುದುಕನ ಕೈಯಲ್ಲಿರುವ ಲಾಂದ್ರ ಮೊದಲು ಲಾಂದ್ರವಾಗಿರಲಿಲ್ಲ. ವಿಸ್ಕೊಂತಿ-ಸ್ಫೋರ್ಜಾ ಕಟ್ಟಿನ ಮುದುಕ ಹಿಡಿದಿರುವುದು ಮರಳುಗಡಿಯಾರ. ಅವನು ಸನ್ಯಾಸಿಯಲ್ಲ, ಕಾಲಪುರುಷ. ಉಳಿದಿರುವ ಹೊತ್ತೆಷ್ಟು ಎಂದು ಒಬ್ಬ ಮುದುಕ ಕೇಳುತ್ತಾನೆ, ಹೋಗಬೇಕಾದ ದಾರಿ ಯಾವುದು ಎಂದು ಇನ್ನೊಬ್ಬ. ಐವತ್ತು ದಾಟಿದವರು ಈ ಎರಡೂ ಕಾರ್ಡುಗಳನ್ನು ಒಟ್ಟಿಗೆ ನೋಡಬೇಕು.

ಒಂದು ಕಾಲಿನಿಂದ ತಲೆಕೆಳಗಾಗಿ ತೂಗುವ ಮನುಷ್ಯನ ಕಾರ್ಡು ಮೂಲದಲ್ಲಿ ‘ದ್ರೋಹಿ’. ಇಟಲಿಯ ನಗರಗಳಲ್ಲಿ ದ್ರೋಹ ಬಗೆದವರ, ಸಾಲ ಮುಳುಗಿಸಿದವರ ಚಿತ್ರಗಳನ್ನು ಹೀಗೆ ತಲೆಕೆಳಗಾಗಿ ಸಾರ್ವಜನಿಕ ಗೋಡೆಗಳ ಮೇಲೆ ಬರೆಸಿ ಮಾನ ಕಳೆಯುವ ಪದ್ಧತಿಯಿತ್ತು. ನಾಲ್ಕೂವರೆ ಶತಮಾನದ ನಂತರ ಲಂಡನ್ ಕಟ್ಟು ಅವನ ತಲೆಯ ಸುತ್ತ ಪ್ರಭಾವಳಿ ಇಟ್ಟಿತು. ಊರೆಲ್ಲ ಛೀಮಾರಿ ಹಾಕಿದ್ದ ಅದೇ ಭಂಗಿಯನ್ನು ಈಗ ಜನ ತಾಳ್ಮೆ, ಶರಣಾಗತಿ, ಹೊಸ ನೋಟ ಎಂದು ಓದುತ್ತಾರೆ. ಅವಮಾನದ ದಿನಗಳನ್ನು ದಾಟುತ್ತಿರುವವರಿಗೆ ಕಾರ್ಡಿನ ಹೊಸ ಅರ್ಥಕ್ಕಿಂತ ಅದು ಬದಲಾದ ಈ ಚರಿತ್ರೆಯೇ ಹೆಚ್ಚು ಧೈರ್ಯ ಕೊಡುತ್ತದೆ.

ಪೋಪ್ ಮತ್ತು ಮಹಿಳಾ ಪೋಪ್ ಕಾರ್ಡುಗಳು ಹಲವರಿಗೆ ನುಂಗಲಾರದ ತುತ್ತಾಗಿದ್ದವು. ಸ್ವಿಟ್ಜರ್ಲೆಂಡಿನ ಒಂದು ಮಾದರಿಯಲ್ಲಿ ಅವರ ಬದಲು ಜ್ಯೂಪಿಟರ್ ಮತ್ತು ಜೂನೋ ಬಂದರು. ಬೆಲ್ಜಿಯಂನಲ್ಲಿ ಮದ್ಯದೇವತೆ ಬಾಕಸ್ ಮತ್ತು ಸ್ಪೇನಿನ ಕ್ಯಾಪ್ಟನ್ ಬಂದರು. ಬೊಲೋನ್ಯಾದಲ್ಲಿ 1725ರಲ್ಲಿ ಪೋಪನ ಪ್ರತಿನಿಧಿಯ ಒತ್ತಾಯಕ್ಕೆ ಪೋಪ್, ಮಹಿಳಾ ಪೋಪ್, ಚಕ್ರವರ್ತಿ, ಚಕ್ರವರ್ತಿನಿ ನಾಲ್ವರೂ ಹೋಗಿ ಮೂರ್ ಜನಾಂಗದ (ಉತ್ತರ ಆಫ್ರಿಕಾದ) ನಾಲ್ವರು ಕೂತರು.

ಮಾರ್ಸೇಲ್ ಮಾದರಿಯ 13ನೇ ಕಾರ್ಡಿಗೆ ಸಾಮಾನ್ಯವಾಗಿ ಹೆಸರೇ ಬರೆದಿರುವುದಿಲ್ಲ. ಕುಡುಗೋಲು ಬೀಸುವ ಅಸ್ಥಿಪಂಜರ ಅಷ್ಟೆ. ವಿಸ್ಕೊಂತಿ-ಸ್ಫೋರ್ಜಾ ಕಟ್ಟಿನ ಸಾವಿನ ಕೈಯಲ್ಲಿ ಬಿಲ್ಲು. ಲಂಡನ್ ಕಟ್ಟಿನಲ್ಲಿ ಅದು ಬಿಳಿ ಕುದುರೆಯೇರಿ ಬರುತ್ತದೆ, ಎದುರಿಗೆ ನಾಲ್ವರು. ರಾಜ ಆಗಲೇ ಉರುಳಿದ್ದಾನೆ, ಬಿಷಪ್ಪು ಕೈಮುಗಿದಿದ್ದಾನೆ, ತರುಣಿ ಮುಖ ತಿರುಗಿಸಿದ್ದಾಳೆ, ಮಗು ಮಾತ್ರ ನೆಟ್ಟಗೆ ನೋಡುತ್ತಿದೆ. ಓಶೋ ಝೆನ್ ಟ್ಯಾರೋದಲ್ಲಿ ಇದೇ ಕಾರ್ಡಿಗೆ ‘ಪರಿವರ್ತನೆ’ ಎಂದು ಹೆಸರು. (ಆ ಕಟ್ಟಿನಲ್ಲಿ 78ಕ್ಕೆ ಬದಲು 79 ಎಲೆಗಳಿವೆ, ಹೆಚ್ಚುವರಿ ಕಾರ್ಡು ‘ಗುರು’.) ನನಗೆ ಹೆಸರು ಬದಲಿಸಿದ್ದು ಹಿಡಿಸಲಿಲ್ಲ. ಸಾವನ್ನು ಸಾವೆಂದೇ ಕರೆದು ಆ ನಾಲ್ವರಲ್ಲಿ ನಾನು ಯಾರು ಎಂದು ಕೇಳಿಕೊಳ್ಳುವುದು ಹೆಚ್ಚು ಪ್ರಾಮಾಣಿಕ.

ಈ ಲಂಡನ್ ಕಟ್ಟನ್ನು ಬಹುಕಾಲ ಪ್ರಕಾಶಕ ರೈಡರ್ ಮತ್ತು ಯೋಜಕ ಎ.ಇ. ವೇಟ್ ಅವರ ಹೆಸರಿನಿಂದಷ್ಟೇ ಕರೆಯುತ್ತಿದ್ದರು. ಚಿತ್ರ ಬಿಡಿಸಿದ ಕೈ ಪಮೇಲಾ ಕೋಲ್ಮನ್ ಸ್ಮಿತ್‌ದು. 1878ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಬಾಲ್ಯದ ಕೆಲ ವರ್ಷ ಜಮೈಕಾದಲ್ಲಿ ಕಳೆದು, ಬ್ರೂಕ್ಲಿನ್ನಿನ ಪ್ರ್ಯಾಟ್ ಸಂಸ್ಥೆಯಲ್ಲಿ ಕಲಿತವರು. ಜಮೈಕಾದ ಜೇಡನ ಜಾನಪದ ಕತೆಗಳನ್ನು 1899ರಲ್ಲಿ ಪುಸ್ತಕ ಮಾಡಿದರು. ನ್ಯೂಯಾರ್ಕಿನಲ್ಲಿ ಆಲ್ಫ್ರೆಡ್ ಸ್ಟೀಗ್ಲಿಟ್ಜ್ ತನ್ನ ಛಾಯಾಚಿತ್ರ ಗ್ಯಾಲರಿಯಲ್ಲಿ ಮೊದಲ ಬಾರಿಗೆ ಛಾಯಾಚಿತ್ರವಲ್ಲದ ಕಲೆಯನ್ನು ತೂಗುಹಾಕಿದ್ದು 1907ರಲ್ಲಿ, ಅದೂ ಇವರ ಚಿತ್ರಗಳನ್ನೇ. ಎರಡು ವರ್ಷದ ನಂತರ ಅದೇ ಸ್ಟೀಗ್ಲಿಟ್ಜ್‌ಗೆ ಬರೆದ ಪತ್ರದಲ್ಲಿ, ದೊಡ್ಡದೊಂದು ಕೆಲಸ ಮುಗಿಯಿತು, ಸಿಕ್ಕ ದುಡ್ಡು ಬಹಳ ಕಡಿಮೆ ಎಂದು ತಿಳಿಸಿದರು. ಆ ಕೆಲಸವೇ ಜಗತ್ತಿನಾದ್ಯಂತ ಮನೆಮಾತಾದ ಟ್ಯಾರೋ ಕಟ್ಟು. 1951ರಲ್ಲಿ ಕಾರ್ನ್‌ವಾಲ್‌ನ ಬ್ಯೂಡ್ ಊರಿನಲ್ಲಿ ಬಡತನದಲ್ಲೇ ತೀರಿಕೊಂಡರು. ಪ್ರತಿ ಕಾರ್ಡಿನ ಮೂಲೆಯಲ್ಲೂ ಸಣ್ಣ ಬಳ್ಳಿಯಂತೆ ಸುತ್ತಿಕೊಂಡಿರುವ ಸಹಿ ಅವರದು. ನಿಮ್ಮ ಬಳಿ ಆ ಕಟ್ಟಿದ್ದರೆ ಹುಡುಕಿ ನೋಡಿ.

ಅವರು ಮಾಡಿದ ದೊಡ್ಡ ಕೆಲಸ ಯಾವುದು ಗೊತ್ತೇ? ಹಳೆಯ ಕಟ್ಟುಗಳಲ್ಲಿ ಬಟ್ಟಲು ಐದು ಎಂದರೆ ಐದು ಬಟ್ಟಲುಗಳ ಚಿತ್ರ, ಅಷ್ಟೆ. ಸ್ಮಿತ್ ಪ್ರತಿ ಎಲೆಗೂ ಒಂದು ದೃಶ್ಯ ಕೊಟ್ಟರು. ಅವರಿಗೂ ಮೊದಲೊಂದು ಮಾದರಿಯಿತ್ತು: 1491ರ ಸುಮಾರಿನ, ತಾಮ್ರದ ಅಚ್ಚಿನ, 78 ಎಲೆಗಳಿಗೂ ಚಿತ್ರವಿರುವ ಇಟಲಿಯ ಸೋಲಾ ಬುಸ್ಕಾ ಕಟ್ಟು. ಅದರ ಫೋಟೋಗಳು 1907ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದ್ದವು. ಮೂರು ಖಡ್ಗಗಳು ಚುಚ್ಚಿದ ಹೃದಯ ಎರಡೂ ಕಟ್ಟಿನಲ್ಲಿದೆ. ಮೂಲ ಕಟ್ಟು ಈಗ ಮಿಲಾನಿನ ಬ್ರೇರಾ ಚಿತ್ರಶಾಲೆಯ ಸ್ವತ್ತು.

ಬಟ್ಟಲು ಐದಕ್ಕೇ ಮರಳೋಣ. ಸ್ಮಿತ್ ಬಿಡಿಸಿದ ಆ ಎಲೆಯಲ್ಲಿ ಕರಿ ನಿಲುವಂಗಿಯ ವ್ಯಕ್ತಿ ತಲೆ ತಗ್ಗಿಸಿ, ಮಗುಚಿದ ಮೂರು ಬಟ್ಟಲುಗಳನ್ನು ನೋಡುತ್ತ ನಿಂತಿದ್ದಾನೆ. ಬೆನ್ನ ಹಿಂದೆ ಎರಡು ಬಟ್ಟಲು ನೆಟ್ಟಗಿವೆ. ದೂರದಲ್ಲಿ ಹೊಳೆ, ಸೇತುವೆ, ಆಚೆ ಮನೆ. ಪುಸ್ತಕಗಳು ‘ಉಳಿದದ್ದನ್ನು ನೋಡು’ ಎನ್ನುತ್ತವೆ. ಆದರೆ ಹತ್ತಿರದವರನ್ನು ಕಳೆದುಕೊಂಡವರಿಗೆ ಮೊದಲು ಕಾಣುವುದು ಆ ಎರಡು ಬಟ್ಟಲಲ್ಲ, ಅವನ ಬಾಗಿದ ಬೆನ್ನು. ಅವನನ್ನು ಹಾಗೆಯೇ ನಿಲ್ಲಲು ಬಿಡುವ ಓದೂ ಸರಿಯಾದ ಓದೇ. ಅದೇ ಎಲೆಯ ಮಾರ್ಸೇಲ್ ರೂಪದಲ್ಲಿ ನಡುವಿನ ಒಂದು ಬಟ್ಟಲ ಸುತ್ತ ನಾಲ್ಕು ಬಟ್ಟಲು, ಬಳ್ಳಿ, ಹೂವು. ದುಃಖದ ಸುಳಿವೂ ಇಲ್ಲ.

ಥಾತ್ ಕಟ್ಟಿನ ಚಿತ್ರಗಳು ಮುಗಿಯಲು ಹಿಡಿದ ಕಾಲ 1938ರಿಂದ 1943. ಕಾರ್ಡುಗಳಾಗಿ ಅಚ್ಚಾದದ್ದು 1969ರಲ್ಲಿ. ಅಷ್ಟರಲ್ಲಿ ಕ್ರೌಲಿ ತೀರಿಕೊಂಡು 22 ವರ್ಷ. ಕಲಾವಿದೆ ಫ್ರೀಡಾ ಹ್ಯಾರಿಸ್ ಕೂಡ ಇರಲಿಲ್ಲ. ಅವರು ಕೊನೆಯುಸಿರೆಳೆದದ್ದು 1962ರಲ್ಲಿ, ನಮ್ಮ ಕಾಶ್ಮೀರದ ಶ್ರೀನಗರದಲ್ಲಿ.

ಎರಡನೇ ಮಹಾಯುದ್ಧದಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಮಾರ್ಸೇಲ್‌ನಲ್ಲಿ ವೀಸಾಕ್ಕಾಗಿ ಕಾಯುತ್ತಿದ್ದ ಸರ್ರಿಯಲಿಸ್ಟ್ ಕವಿ ಆಂದ್ರೆ ಬ್ರೆತಾನ್ ಮತ್ತು ಗೆಳೆಯರು ತಮ್ಮದೇ ಎಲೆಗಳನ್ನು ಬಿಡಿಸಿದರು. ಬಣ್ಣಗಳು: ಪ್ರೇಮ, ಕನಸು, ಕ್ರಾಂತಿ, ಜ್ಞಾನ. ರಾಜ ರಾಣಿಯರನ್ನು ಕಿತ್ತುಹಾಕಿ ಫ್ರಾಯ್ಡ್, ಹೆಗೆಲ್, ಕತೆಯ ಆಲಿಸ್ ಮುಂತಾದವರನ್ನು ಕೂರಿಸಿದರು. ಸಾಲ್ವಡಾರ್ ಡಾಲಿ ತನ್ನ ಟ್ಯಾರೋದಲ್ಲಿ ತನ್ನನ್ನೇ ‘ಮಾಂತ್ರಿಕ’ನಾಗಿಸಿ, ಹೆಂಡತಿ ಗಾಲಾಳನ್ನು ‘ಚಕ್ರವರ್ತಿನಿ’ಯಾಗಿಸಿದ. ಶಿಲ್ಪಿ ನಿಕಿ ದ ಸ್ಯಾಂ ಫಾಲ್ ಇನ್ನೂ ಮುಂದೆ ಹೋದರು. ಇಟಲಿಯ ಟಸ್ಕನಿಯಲ್ಲಿ 22 ಚಿತ್ರಗಳನ್ನೂ ಬೃಹತ್ ಶಿಲ್ಪಗಳಾಗಿ ಕಟ್ಟಿದರು. 1998ರಲ್ಲಿ ತೆರೆದ ಆ ಉದ್ಯಾನದ ‘ಚಕ್ರವರ್ತಿನಿ’ಯ ಒಳಗೇ ಅವರು ವರ್ಷಗಟ್ಟಲೆ ವಾಸವಿದ್ದರು.

1981ರಲ್ಲಿ ಅಮೆರಿಕದ ಇಬ್ಬರು ಮಹಿಳೆಯರು ತಂದ ‘ಮದರ್‌ಪೀಸ್’ ಕಟ್ಟಿನ ಎಲೆಗಳು ಗಂಜೀಫಾದಂತೆ ದುಂಡು. ದುಂಡಗಿರುವುದರಿಂದ ನೆಟ್ಟಗೆ, ತಲೆಕೆಳಗೆ ಎಂಬ ಎರಡೇ ತೀರ್ಪು ಇಲ್ಲ. ಎಡಕ್ಕೆ ವಾಲಬಹುದು, ಬಲಕ್ಕೆ ವಾಲಬಹುದು.

78 ಎಲೆಗಳಿಂದ ಮೂರನ್ನು ಒಂದಾದಮೇಲೊಂದರಂತೆ ಎತ್ತಿದರೆ ಬರಬಹುದಾದ ಸಾಲುಗಳು 4,56,456. ತಲೆಕೆಳಗಾದದ್ದನ್ನೂ ಎಣಿಸಿದರೆ 36,51,648. ಇಟಲಿಯ ಕಾದಂಬರಿಕಾರ ಇಟಾಲೋ ಕಾಲ್ವಿನೋ ಇದನ್ನೇ ಕತೆ ಹುಟ್ಟಿಸುವ ಯಂತ್ರವೆಂದು ಬಗೆದು 1973ರಲ್ಲಿ ‘ಅಡ್ಡಹಾಯ್ದ ವಿಧಿಗಳ ಕೋಟೆ’ ಎಂಬ ಪುಸ್ತಕ ಮಾಡಿದ. ಮಾತು ಕಳೆದುಕೊಂಡ ಪ್ರಯಾಣಿಕರು ಎಲೆ ಹಾಸಿ ತಮ್ಮ ಕತೆ ಹೇಳುತ್ತಾರೆ. ಒಬ್ಬನ ಕತೆಯ ಎಲೆ ಇನ್ನೊಬ್ಬನ ಕತೆಯಲ್ಲಿ ಬೇರೆಯೇ ಆಗುತ್ತದೆ. ಮೊದಲ ಭಾಗಕ್ಕೆ ವಿಸ್ಕೊಂತಿ ಎಲೆಗಳು, ಎರಡನೆಯದಕ್ಕೆ ಮಾರ್ಸೇಲ್.

ವಿಸ್ಕೊಂತಿ-ಸ್ಫೋರ್ಜಾ ಕಟ್ಟಿನ 74 ಎಲೆಗಳು ಉಳಿದಿವೆ: ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿ 35, ಬೆರ್ಗಾಮೋದ ಕರ್ರಾರಾ ಅಕಾಡೆಮಿಯಲ್ಲಿ 26, ಕೊಲ್ಲಿಯೋನಿ ಮನೆತನದ ಬಳಿ 13. ಕಾಣೆಯಾದವು ನಾಣ್ಯದ ಸರದಾರ, ಖಡ್ಗ ಮೂರು, ಗೋಪುರ ಮತ್ತು ಸೈತಾನ. ಈಗಿನ ಮರುಮುದ್ರಣಗಳಲ್ಲಿ ಬೇರೆ ಬೇರೆ ಕಲಾವಿದರು ಈ ನಾಲ್ಕನ್ನು ತಾವೇ ಊಹಿಸಿ ಬಿಡಿಸಿದ್ದಾರೆ, ಹಾಗಾಗಿ ಪ್ರಕಾಶಕರು ಬದಲಾದರೆ ಸೈತಾನನೂ ಬದಲು. ಒಂದು ಖಾಲಿ ಹಾಳೆ ತೆಗೆದುಕೊಂಡು ನಿಮ್ಮ ಸೈತಾನನನ್ನು, ನಿಮ್ಮ ಕುಸಿದ ಗೋಪುರವನ್ನು ಬಿಡಿಸಿ ನೋಡಿ. ಚಿತ್ರಕಲೆ ಬರಬೇಕೆಂದೇನೂ ಇಲ್ಲ.